ವೀಣೆಯ ಒಡಲು ಮತ್ತು ಹಿಂಸೆಯ ಲೆಕ್ಕ

ಸಂಗೀತವು ಸ್ವಭಾವತಃ ಅಹಿಂಸಾಮಯವಾದ ಕಲೆಯೆಂಬ ಭಾವನೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಹಾಡುವವನು ಯಾವ ಜೀವವನ್ನೂ ನೋಯಿಸುವುದಿಲ್ಲ. ಕೇಳುವವನ ಕ್ರೋಧ ಮಾನಾದಿ ಕಷಾಯಗಳು ಕ್ಷಣಕಾಲವಾದರೂ ಶಮನಗೊಳ್ಳುತ್ತವೆ. ಆದರೆ ನಾದವು ಹೊರಡುವ ವಾದ್ಯವು ಆಕಾಶದಿಂದ ಇಳಿದು ಬಂದುದಲ್ಲ. ಅದಕ್ಕೆ ಮರ ಬೇಕು, ತಂತಿ ಬೇಕು, ಅಂಟು ಬೇಕು, ಮೇಣ ಬೇಕು, ಮೆರುಗು ಕೊಡುವ ಅರಗು ಬೇಕು. ಇವುಗಳಲ್ಲಿ ಹಲವು ಒಂದಲ್ಲ ಒಂದು ಪ್ರಾಣಿಯ ದೇಹದಿಂದ ಬಂದವು. ಹೀಗಿರುವಾಗ ನಾದದ ಮಾಧುರ್ಯವನ್ನು ಸವಿಯುವ ಶ್ರಾವಕನು ಆ ವಾದ್ಯದ ಒಡಲಿನೊಳಗಿರುವ ಹಿಂಸೆಗೆ ಎಷ್ಟರಮಟ್ಟಿಗೆ ಹೊಣೆಗಾರನು? ಈ ಪ್ರಶ್ನೆಯನ್ನು ಸಾವಧಾನವಾಗಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಚಾರವು ಗಾಳಿಯಲ್ಲಿ ತೇಲಿಹೋಗದಂತೆ ಒಂದು ವಾದ್ಯದ ರಚನೆಯನ್ನು ಮೊದಲು ಬಿಡಿಸಿ ನೋಡುವುದು ಒಳ್ಳೆಯದು. ಯುರೋಪಿನಲ್ಲಿ ಹದಿನೈದು, ಹದಿನಾರನೆಯ ಶತಮಾನಗಳಲ್ಲಿ, ಅಂದರೆ ಅಲ್ಲಿಯವರು ಪುನರುಜ್ಜೀವನವೆಂದು ಕರೆಯುವ ಕಾಲದಲ್ಲಿ, ಮನೆಮನೆಗಳಲ್ಲಿ ಮೆರೆದ ವಾದ್ಯ ಲ್ಯೂಟ್. ಹೆಸರು ಅರಬ್ಬರ ‘ಅಲ್ ಊದ್’ ಎಂಬುದರಿಂದ ಬಂದುದು. ಊದ್ ಎಂದರೆ ಕಟ್ಟಿಗೆ. ಸೀಳಿದ ದೊಡ್ಡ ಪೇರಲಹಣ್ಣಿನ ಅರ್ಧದಂತೆ ಕಾಣುವ ಇದರ ಬುರುಡೆಯನ್ನು ಒಂದೇ ಮರದ ತುಂಡಿನಿಂದ ಕೊರೆದು ಮಾಡುವುದಿಲ್ಲ. ಒಂಬತ್ತು, ಹನ್ನೊಂದು ಅಥವಾ ಅದಕ್ಕಿಂತ ಹೆಚ್ಚು ತೆಳುವಾದ ಮರದ ಪಟ್ಟಿಗಳನ್ನು ಶಾಖದಿಂದ ಬಾಗಿಸಿ, ಅಚ್ಚಿನ ಮೇಲೆ ಒಂದರ ಪಕ್ಕದಲ್ಲೊಂದು ಕೂರಿಸಿ, ಅಂಚಿಗೆ ಅಂಚು ಅಂಟಿಸುತ್ತಾರೆ. ಪಟ್ಟಿಯ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ಒಳಗಿನಿಂದ ಸಂದುಗಳ ಮೇಲೆ ಕಾಗದದ ಅಥವಾ ಚರ್ಮಪತ್ರದ ಪಟ್ಟಿಗಳನ್ನು ಮೆತ್ತುತ್ತಾರೆ. ಮೇಲಿನ ಹಲಗೆ ಸ್ಪ್ರೂಸ್ ಎಂಬ ಶೀತಪ್ರದೇಶದ ಮರದ್ದು. ಅದೂ ಅಷ್ಟೇ ತೆಳು. ಅದರ ನಡುವೆ ಹೂವಿನ ಜಾಲರಿಯನ್ನು ಅದೇ ಹಲಗೆಯಲ್ಲಿ ಕೊರೆಯುತ್ತಾರೆ. ಹಲಗೆ ಕುಸಿಯದಂತೆ ಒಳಗೆ ಅಡ್ಡ ಸಲಾಕೆಗಳನ್ನು ಅಂಟಿಸುತ್ತಾರೆ. ಬಿರಡೆಗಳ ಪೆಟ್ಟಿಗೆ ಕುತ್ತಿಗೆಯ ತುದಿಯಲ್ಲಿ ಹಿಂದಕ್ಕೆ ಹೆಚ್ಚುಕಡಿಮೆ ಲಂಬವಾಗಿ ಮಡಿಚಿಕೊಂಡಿರುತ್ತದೆ. ಸಾಮಾನ್ಯವಾಗಿ ಆರು ಸ್ಥಾನಗಳ ಲ್ಯೂಟಿಗೆ ಹನ್ನೊಂದು ತಂತಿಗಳು: ಮೇಲಿನದು ಒಂಟಿ, ಉಳಿದ ಐದು ಜೋಡಿ. ಒಂದೊಂದು ತಂತಿಯ ಎಳೆತ ಸುಮಾರು 3 ಕಿಲೋ ಎಂದು ಹಿಡಿದರೂ ಮೂವತ್ತು ಕಿಲೋಗೂ ಮೀರಿದ ಎಳೆತವನ್ನು ಆ ಕಾಗದದಷ್ಟು ಹಗುರವಾದ ಒಡಲು ದಿನರಾತ್ರಿ ತಾಳಿಕೊಂಡಿರಬೇಕು. ದಪ್ಪವಾದರೆ ನಾದ ಮಂಕಾಗುತ್ತದೆ. ತೀರ ತೆಳುವಾದರೆ ಹಲಗೆ ಕುಸಿಯುತ್ತದೆ. ಈ ಎರಡರ ನಡುವಿನ ಹದವೇ ಆ ಕುಶಲಕರ್ಮಿಯ ವಿದ್ಯೆ. ದಕ್ಷಿಣ ಜರ್ಮನಿಯ ಫ್ಯೂಸೆನ್ ಎಂಬ ಸಣ್ಣ ಊರಿನಲ್ಲಿ 1562ರಷ್ಟು ಹಿಂದೆಯೇ ಲ್ಯೂಟ್ ತಯಾರಕರ ಶ್ರೇಣಿಯೊಂದು ಸ್ಥಾಪಿತವಾಗಿತ್ತು. ಅದಕ್ಕೂ ಮೊದಲು ಇಟಲಿಯ ಬೊಲೋನ್ಯಾದಲ್ಲಿ ಲಾಕ್ಸ್ ಮಾಲರ್ ಎಂಬವನು ಈ ಕಸುಬಿನಲ್ಲಿ ಖ್ಯಾತನಾಗಿ 1552ರಲ್ಲಿ ತೀರಿಕೊಂಡನು.

ಇನ್ನು ಇದೇ ವಾದ್ಯವನ್ನು ಶ್ರಾವಕನ ಕಣ್ಣಿನಿಂದ ನೋಡೋಣ. ಹನ್ನೊಂದು ತಂತಿಗಳೂ ಕುರಿಯ ಕರುಳನ್ನು ತೊಳೆದು, ಹೊಸೆದು, ಒಣಗಿಸಿ ಮಾಡಿದವು. ಸ್ವರಸ್ಥಾನಗಳನ್ನು ತೋರುವ ಮೆಟ್ಟಿಲುಗಳೂ ಕುತ್ತಿಗೆಗೆ ಸುತ್ತಿ ಗಂಟು ಹಾಕಿದ ಕರುಳಿನ ಎಳೆಗಳೇ. ಪಟ್ಟಿಗಳನ್ನು ಹಿಡಿದಿಟ್ಟ ಅಂಟು ಪಶುಗಳ ಚರ್ಮವನ್ನು ಕುದಿಸಿ ತೆಗೆದುದು. ಸಿರಿವಂತರಿಗಾಗಿ ವೆನಿಸ್, ಪಡುವಾ ನಗರಗಳಲ್ಲಿ ಮಾಡಿದ ಕೆಲವು ಲ್ಯೂಟ್‌ಗಳ ಬುರುಡೆಯ ಪಟ್ಟಿಗಳೇ ಆನೆಯ ದಂತದವು. ಅಂಥವು ಇಂದಿಗೂ ಸಂಗ್ರಹಾಲಯಗಳಲ್ಲಿವೆ. ಹೀಗೆ ಮರವೊಂದನ್ನು ಬಿಟ್ಟರೆ ಆ ಸುಂದರ ವಸ್ತುವಿನ ಅಂಗಾಂಗಗಳೆಲ್ಲ ಪಂಚೇಂದ್ರಿಯ ಜೀವಿಗಳ ದೇಹದಿಂದ ಬಂದವುಗಳೇ ಆಗಿದ್ದವು.

ಅದು ಪರದೇಶದ, ಮಾಂಸಾಹಾರಿಗಳ ವಾದ್ಯ, ನಮಗೇಕೆ ಎಂದು ವಾಚಕರು ಕೇಳಬಹುದು. ಆದರೆ ನಮ್ಮ ವಾದ್ಯಗಳ ಒಡಲೂ ಪೂರ್ಣ ನಿರ್ದೋಷವಲ್ಲ. ಲ್ಯೂಟ್ ತಯಾರಕರು ಬೊಲೋನ್ಯಾದಲ್ಲಿ ಪಟ್ಟಿ ಬಾಗಿಸುತ್ತಿದ್ದ ಕಾಲದಲ್ಲಿಯೇ ನಮ್ಮ ಗಂಗಾವತಿಯ ಸೆರಗಿನ ಆನೆಗೊಂದಿಯ ಆಚೆ, ತುಂಗಭದ್ರೆಯ ಬಲದಂಡೆಯ ವಿಜಯನಗರದಲ್ಲಿ, ವೀಣೆಯ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂಬುದರ ಶಾಸ್ತ್ರಚರ್ಚೆ ನಡೆದಿತ್ತು. ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ ಅದರ ವಿವರಣೆಯಿದೆ. ಮುಂದಿನ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ ಇಪ್ಪತ್ತನಾಲ್ಕು ಮೆಟ್ಟಿಲುಗಳ ಸರಸ್ವತೀ ವೀಣೆ ಈಗಿನ ರೂಪಕ್ಕೆ ಬಂದಿತೆಂದು ಸಂಪ್ರದಾಯ ಹೇಳುತ್ತದೆ. ಹಲಸಿನ ಮರದ ಒಡಲು, ಲೋಹದ ತಂತಿಗಳು. ಇಲ್ಲಿ ಕರುಳಿನ ಮಾತಿಲ್ಲ. ಆದರೆ ಆ ಇಪ್ಪತ್ತನಾಲ್ಕು ಮೆಟ್ಟಿಲುಗಳು ನಿಂತಿರುವುದು ಕಪ್ಪು ಪುಡಿ ಬೆರೆಸಿದ ಜೇನುಮೇಣದ ದಿಂಡಿನ ಮೇಲೆ. ಹಳೆಯ ವೀಣೆಗಳ ಅಂಚಿನ ಅಲಂಕಾರ ದಂತದ್ದು ಇಲ್ಲವೆ ಜಿಂಕೆಯ ಕೊಂಬಿನದು. ಸಿತಾರು ತಂಬೂರಿಗಳ ಕುದುರೆಯನ್ನು ಕೊಂಬಿನಿಂದಲೋ ಒಂಟೆಯ ಎಲುಬಿನಿಂದಲೋ ಮಾಡುವ ವಾಡಿಕೆಯಿತ್ತು. ಮೆರುಗಿಗೆ ಅರಗು. ತಬಲಾ ಮೃದಂಗಗಳ ಮುಚ್ಚಳಿಕೆ ಆಡಿನ ಚರ್ಮವೆಂಬುದನ್ನು ಹೇಳಲೇಬೇಕಿಲ್ಲ.

ಈ ಪ್ರಶ್ನೆ ಕೇವಲ ತರ್ಕವಿಲಾಸಕ್ಕಾಗಿ ಎದ್ದುದಲ್ಲ. ನನ್ನ ಪರಿಚಯದ ಒಬ್ಬ ವ್ರತಿಕ ಗೃಹಸ್ಥರಿದ್ದಾರೆ. ಜೇನನ್ನು ಔಷಧಿಯ ಅನುಪಾನಕ್ಕೂ ಮುಟ್ಟದವರು. ಅವರ ಮಗಳು ಏಳೆಂಟು ವರ್ಷಗಳಿಂದ ವೀಣೆ ಕಲಿಯುತ್ತಿದ್ದಳು. ಒಂದು ದಿನ ವೀಣೆಗೆ ಹೊಸದಾಗಿ ಮೇಳ ಕಟ್ಟಿಸಬೇಕೆಂದು ಬಂದಾಗ ಆ ಕಪ್ಪು ದಿಂಡು ಜೇನುಹುಟ್ಟಿನ ಮೇಣವೆಂದು ಅವರಿಗೆ ತಿಳಿಯಿತು. ಅಂದಿನಿಂದ ಅವರು ವೀಣೆಯನ್ನು ದೇವರ ಕೋಣೆಯಿಂದ ಹೊರಗಿಡಿಸಿದರು, ಪಾಠವನ್ನೂ ನಿಲ್ಲಿಸಬೇಕೆಂದರು. ಹುಡುಗಿ ವಾದಿಸಲಿಲ್ಲ, ಆದರೆ ಆ ಮನೆಯಲ್ಲಿ ಕೆಲವು ದಿನ ಮಾತೇ ನಿಂತುಹೋಯಿತು. ತಂದೆಯ ವ್ರತನಿಷ್ಠೆಯೂ ಸತ್ಯ, ಮಗಳ ಸಾಧನೆಯೂ ಸತ್ಯ. ಇಬ್ಬರೂ ಬೇರೆ ಬೇರೆಯಾಗಿ ನನ್ನಲ್ಲಿಗೆ ಬಂದು, “ಶಾಸ್ತ್ರ ಏನು ಹೇಳುತ್ತದೆ?” ಎಂದು ಕೇಳಿದರು. ಅವರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಕ್ರಮಪಡಿಸಿ ಬರೆಯುತ್ತಿದ್ದೇನೆ.

ಮೊದಲು ಎಲ್ಲೆಡೆ ಕೇಳಿಬರುವ ಒಂದು ಸಮಾಧಾನವನ್ನು ಪರೀಕ್ಷಿಸೋಣ. “ಕುರಿಯನ್ನು ಕೊಂದದ್ದು ಮಾಂಸಕ್ಕಾಗಿ, ಕರುಳು ಎಸೆಯುವ ವಸ್ತು. ಎಸೆಯುವುದರಿಂದ ತಂತಿ ಮಾಡಿದರೆ ಹಿಂಸೆ ಎಲ್ಲಿ ಬಂತು?” ಮೇಲುನೋಟಕ್ಕೆ ಮಾತು ಸರಿಯೆನಿಸುತ್ತದೆ. ಆದರೆ ವಾಣಿಜ್ಯಶಾಸ್ತ್ರ ಓದಿದವರಿಗೂ, ಓದದೆ ಅಂಗಡಿ ನಡೆಸಿದವರಿಗೂ, ಉಪೋತ್ಪನ್ನದ ಲೆಕ್ಕ ಗೊತ್ತು. ಎಣ್ಣೆಯ ಗಾಣದವನು ಹಿಂಡಿಯನ್ನು ಮಾರಿ ಬಂದ ಹಣವನ್ನು ಎಣ್ಣೆಯ ಖರ್ಚಿನಲ್ಲಿ ಕಳೆಯುತ್ತಾನೆ. ಹಿಂಡಿಗೆ ಗಿರಾಕಿಯಿರುವುದರಿಂದಲೇ ಎಣ್ಣೆಯನ್ನು ಆ ದರಕ್ಕೆ ಕೊಡುವುದು ಅವನಿಗೆ ಗಿಟ್ಟುತ್ತದೆ. ಅದರಂತೆಯೇ ಚರ್ಮ, ಎಲುಬು, ಕರುಳುಗಳಿಗೆ ಬೆಲೆ ಬಂದಷ್ಟೂ ಕಸಾಯಿಖಾನೆಯ ಖರ್ಚು ಇಳಿಯುತ್ತದೆ. ತಂತಿಯನ್ನು ಕೊಂಡವನು ಕೊಲ್ಲಲಿಲ್ಲ, ಕೊಲ್ಲೆಂದು ಹೇಳಲೂ ಇಲ್ಲ. ಆದರೆ ಕೊಲ್ಲುವ ಕಸುಬಿನ ಕಿರ್ದಿಯಲ್ಲಿ ಅವನ ದುಡ್ಡು ಜಮೆಯಾಯಿತು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮ ಒಳಬರುತ್ತದೆಂದು ನಮ್ಮ ಆಚಾರ್ಯರು ಹೇಳಿದುದರ ಅರ್ಥ ಇಂಥಲ್ಲಿ ಸ್ಪಷ್ಟವಾಗುತ್ತದೆ.

ಆದರೆ ನ್ಯಾಯವಾದ ಲೆಕ್ಕದಲ್ಲಿ ಇನ್ನೊಂದು ಬದಿಯನ್ನೂ ಬರೆಯಬೇಕು. ಒಂದು ಕುರಿಯ ಬೆಲೆಯಲ್ಲಿ ಕರುಳಿನ ಪಾಲು ಅತ್ಯಲ್ಪ. ಒಬ್ಬ ವಾದಕನು ವರ್ಷಕ್ಕೆ ಕೊಳ್ಳುವ ತಂತಿಗಳು ಬೆರಳೆಣಿಕೆಯವು. ಆದ್ದರಿಂದ ಅವನನ್ನು ಕಟುಕನೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಹಿಂಸೆಯ ನಿರ್ಣಯದಲ್ಲಿ ಪ್ರಾಣವಿಯೋಗಕ್ಕಿಂತ ಪ್ರಮಾದವು ಮುಖ್ಯವೆಂಬುದು ಉಮಾಸ್ವಾಮಿಗಳ ಸೂತ್ರದ ತಿರುಳು. ಗೊತ್ತಿಲ್ಲದೆ ಬಳಸಿದವನ ದೋಷ ಒಂದು ಬಗೆಯದು; ಗೊತ್ತಿದ್ದೂ, ಬೇರೆ ದಾರಿಯಿದ್ದೂ, ಉದಾಸೀನದಿಂದ ಬಳಸಿದವನದು ಇನ್ನೊಂದು ಬಗೆಯದು. ಪಾಲು ಸಣ್ಣದೆಂಬುದು ತೂಕವನ್ನು ತಗ್ಗಿಸುತ್ತದೆ, ಪ್ರಶ್ನೆಯನ್ನು ಅಳಿಸುವುದಿಲ್ಲ.

ಈಗ ಮೇಣದ ವಿಷಯ. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಮದ್ಯ, ಮಾಂಸ, ಮಧು ಎಂಬ ಮೂರರ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹುಟ್ಟಿನಿಂದ ತಾನಾಗಿ ಒಸರಿದ ಜೇನನ್ನೂ, ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನೂ ವರ್ಜ್ಯವೆಂದೇ ವಿಧಿಸುತ್ತಾರೆ. ಅವುಗಳನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳ ಘಾತವಾಗುತ್ತದೆಂಬುದು ಅವರು ಕೊಡುವ ಕಾರಣ. ಈ ವಿಧಿಗಳು ಆಹಾರವನ್ನು ಕುರಿತವು. ಮೇಣವನ್ನು ಯಾರೂ ತಿನ್ನುವುದಿಲ್ಲ. ಕರಗಿಸಿ ಸೋಸಿದ ಮೇಣದಲ್ಲಿ ಜೇನಿನಂತೆ ಜೀವಾಶ್ರಯವಿಲ್ಲ. ಆದ್ದರಿಂದ ವೀಣೆ ನುಡಿಸುವುದು ಮಧುಭಕ್ಷಣಕ್ಕೆ ಸಮವೆಂದು ಆ ತಂದೆ ಭಾವಿಸಿದುದು ಶಾಸ್ತ್ರದ ಅಕ್ಷರಕ್ಕೆ ಮೀರಿದ ಮಾತು. ಆದರೆ ಶಾಸ್ತ್ರದ ಆಶಯದ ಕಡೆ ಕಣ್ಣಿಟ್ಟರೆ ಅವರ ಮನಸ್ಸಿನ ಅಳುಕು ನಿರಾಧಾರವಲ್ಲ. ಹೊಗೆಹಾಕಿ ಹುಟ್ಟನ್ನು ಹಿಂಡಿ ತೆಗೆದ ಕಾಡುಜೇನಿನ ಮೇಣಕ್ಕೂ ಸಾವಿರಾರು ಹುಳುಗಳ ಮರಣಕ್ಕೂ ಇರುವ ಸಂಬಂಧ ಪ್ರತ್ಯಕ್ಷವಾದುದು. ಪೆಟ್ಟಿಗೆಯಲ್ಲಿ ಸಾಕಿದ ಜೇನಿನಲ್ಲಿ ಈ ಘಾತ ಕಡಿಮೆಯಾದರೂ ಇಲ್ಲವೇ ಇಲ್ಲವೆನ್ನುವಂತಿಲ್ಲ.

ಅರಗಿನದೂ ಇದೇ ಬಗೆ. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಖರಕರ್ಮಗಳ ಉಲ್ಲೇಖವಿದೆ. ಅವುಗಳಲ್ಲಿ ಲಾಕ್ಷಾವಾಣಿಜ್ಯ ಒಂದು, ದಂತವಾಣಿಜ್ಯ ಇನ್ನೊಂದು. ಅರಗು ಕೊಂಬೆಗಳಿಗೆ ಅಂಟಿಕೊಂಡ ಲಕ್ಷಾಂತರ ಕೀಟಗಳ ಸ್ರಾವ. ಕೊಂಬೆಯನ್ನು ಕಡಿದು ಹೆರೆಯುವಾಗ ಕೀಟಗಳೂ ಅದರೊಂದಿಗೆ ಹೋಗುತ್ತವೆ. ದಂತವಾಣಿಜ್ಯದಲ್ಲಿ ಆನೆಯ ದಂತವಷ್ಟೇ ಅಲ್ಲದೆ ಎಲುಬು, ಕೊಂಬು ಮೊದಲಾದ ಪ್ರಾಣ್ಯಂಗಗಳೂ ಅಡಕವಾಗುತ್ತವೆಂದು ವಿವರಣೆಗಳಿವೆ. ಕೊಲ್ಲುವ ಬೇಡನನ್ನು ಬಿಟ್ಟು ಕೊಳ್ಳುವ ವರ್ತಕನಿಗೆ ಈ ನಿಷೇಧವನ್ನು ವಿಧಿಸಿರುವುದು ಗಮನಾರ್ಹ. ಗಿರಾಕಿ ಮೊದಲೇ ದುಡ್ಡು ಹಿಡಿದು ನಿಂತರೆ ಬೇಡನು ಕಾಡಿಗೆ ಹೊರಡುತ್ತಾನೆಂಬ ವ್ಯಾಪಾರದ ಸತ್ಯವನ್ನು ಹದಿಮೂರನೆಯ ಶತಮಾನದ ಆ ಪಂಡಿತರು ಅರಿತಿದ್ದರು. ರಾಜ್ಯಶಾಸನವು ಈ ನೆಲೆಗೆ ಬರಲು ಬಹುಕಾಲ ಬೇಕಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1986ರ ತಿದ್ದುಪಡಿಯಿಂದ ಭಾರತೀಯ ಆನೆದಂತದ ವ್ಯಾಪಾರವೂ, 1991ರ ತಿದ್ದುಪಡಿಯಿಂದ ಆಫ್ರಿಕಾದ ದಂತದ ವ್ಯಾಪಾರವೂ ನಿಂತವು. ಜಿಂಕೆಯ ಕೊಂಬಿನ ವ್ಯಾಪಾರಕ್ಕೂ ಕಾನೂನಿನಲ್ಲಿ ಇಂದು ಎಡೆಯಿಲ್ಲ.

ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ತಾನಾಗಿ ಉದುರುತ್ತದೆ, ನವಿಲುಗರಿಯೂ ಉದುರುತ್ತದೆ. ಮುನಿಗಳು ಪಿಂಛಿ ಹಿಡಿಯುವುದಿಲ್ಲವೇ ಎಂದು ಒಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ಯೋಗ್ಯವಾದುದೇ. ಉದುರಿದ ಗರಿಯಲ್ಲಿ ಹಿಂಸೆಯಿಲ್ಲವೆಂಬುದು ನಿರ್ವಿವಾದ, ಮತ್ತು ಪಿಂಛಿಯ ಪ್ರಯೋಜನವೇ ಜೀವರಕ್ಷಣೆ. ಆದರೆ ಉದುರಿದ ಕೊಂಬಿಗೆ ಪೇಟೆಯಲ್ಲಿ ಬೆಲೆ ಕಟ್ಟಿದ ಮೇಲೆ, ಉದುರಿದುದು ಯಾವುದು, ಕೊಂದು ತೆಗೆದುದು ಯಾವುದು ಎಂದು ಅಂಗಡಿಯ ಗಲ್ಲೆಯ ಮೇಲೆ ಕುಳಿತವನಿಗೆ ತಿಳಿಯುವ ಬಗೆ ಹೇಗೆ? ವಸ್ತುವಿನಲ್ಲಿ ದೋಷವಿರದೆ ವ್ಯಾಪಾರದಲ್ಲಿ ದೋಷ ಸೇರಿಕೊಳ್ಳುವುದಕ್ಕೆ ಇದು ಒಳ್ಳೆಯ ದೃಷ್ಟಾಂತ.

ಇಲ್ಲಿ ಕಲಾವಿದರ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಪ್ರಾಣಿಜನ್ಯ ವಸ್ತುಗಳನ್ನು ಬಿಟ್ಟರೆ ನಾದ ಕೆಡುತ್ತದೆ. ಇದು ಶತಮಾನಗಳ ಅನುಭವ ಎನ್ನುತ್ತಾರೆ ಅವರು. ಈ ಮಾತನ್ನು ಅಲ್ಲಗಳೆಯುವುದು ಉದ್ಧಟತನವಾದೀತು. ಚರ್ಮದ ಅಂಟಿಗೆ ಒಂದು ಗುಣವಿದೆ: ಶಾಖ, ತೇವ ತಗುಲಿಸಿದರೆ ಅದು ಸಡಿಲುತ್ತದೆ, ವಾದ್ಯವನ್ನು ಬಿಚ್ಚಿ ದುರಸ್ತಿ ಮಾಡಿ ಮತ್ತೆ ಕೂಡಿಸಬಹುದು. ನಾಲ್ಕುನೂರು ವರ್ಷದ ಲ್ಯೂಟ್‌ಗಳು ಇಂದಿಗೂ ಉಳಿದಿದ್ದರೆ ಅದಕ್ಕೆ ಈ ಅಂಟಿನ ಗುಣವೂ ಒಂದು ಕಾರಣ. ಆದರೆ ‘ಅಸಾಧ್ಯ’ವೆಂದು ಹೇಳಿದ ಅನೇಕ ಸಂಗತಿಗಳು ಅಗತ್ಯ ಬಿದ್ದೊಡನೆ ಸಾಧ್ಯವಾದುದನ್ನು ಇತಿಹಾಸ ತೋರಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯ ಹೊಲಿಯಲು ಕರುಳಿನ ದಾರ ಬೇಕಾಗಿ ವಾದ್ಯದ ತಂತಿಗಳಿಗೆ ಕೊರತೆ ಬಿದ್ದಿತು. ಆಗ ಗಿಟಾರ್ ವಾದಕರು ನೈಲಾನಿನತ್ತ ತಿರುಗಿದರು. ಮಹಾವಾದಕ ಸೆಗೋವಿಯಾ ಅದನ್ನು ಒಪ್ಪಿಕೊಂಡ ಮೇಲೆ ಜಗತ್ತೇ ಒಪ್ಪಿತು. 1990ರ ದಶಕದಲ್ಲಿ ಇಟಲಿಯ ಆಕ್ವಿಲಾ ಸಂಸ್ಥೆ ಕರುಳಿನ ನಾದಕ್ಕೆ ಹತ್ತಿರವಾದ ಕೃತಕ ತಂತಿಯನ್ನು ತಂದಿತು. ಇಂದು ಅನೇಕ ಲ್ಯೂಟ್ ವಾದಕರು ಅದನ್ನೇ ಕಟ್ಟುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಡಾ. ಕೆ. ವರದರಂಗನ್ ಅವರು ಚರ್ಮವಿಲ್ಲದ ಮೃದಂಗವನ್ನು ರೂಪಿಸಿದ್ದಾರೆ. ಮೇಣವಿಲ್ಲದೆ ತಿರುಪಿನಿಂದ ಮೆಟ್ಟಿಲುಗಳನ್ನು ಸರಿಹೊಂದಿಸುವ ವೀಣೆಗಳೂ ಬಂದಿವೆ. ಬಡಗಿಗಳು ಹಿಂದೆ ಕುದಿಸಿ ಬಳಸುತ್ತಿದ್ದ ದುರ್ವಾಸನೆಯ ಸರೇಸು, 1959ರಲ್ಲಿ ಫೆವಿಕಾಲ್ ಎಂಬ ಬಿಳಿಯ ಅಂಟು ಬಂದ ಮೇಲೆ ಒಂದೇ ತಲೆಮಾರಿನಲ್ಲಿ ಬಹುಮಟ್ಟಿಗೆ ಮರೆಯಾಯಿತು. ಅವರಾರೂ ವ್ರತ ತೊಟ್ಟು ಬಿಟ್ಟವರಲ್ಲ, ಅನುಕೂಲವೆಂದು ಬಿಟ್ಟರು. ಅನುಕೂಲಕ್ಕಾಗಿ ಬಿಡಬಲ್ಲುದನ್ನು ದಯೆಗಾಗಿ ಬಿಡಲಾರೆವೆಂದರೆ ಅದು ನಂಬುವ ಮಾತೇ?

ದೂರದ ಉದಾಹರಣೆಯೂ ಬೇಡ. ಕೊಪ್ಪಳದಿಂದ ಹರದಾರಿಗಳ ಅಂತರದಲ್ಲಿರುವ ಕಿನ್ನಾಳದ ಚಿತ್ರಗಾರರನ್ನು ನೋಡಬಹುದು. ಹಗುರವಾದ ಮರದಲ್ಲಿ ಗೊಂಬೆಯ ಅಂಗಗಳನ್ನು ಬೇರೆ ಬೇರೆ ಕೆತ್ತಿ, ಅವುಗಳನ್ನು ಕೂಡಿಸಲು ಅವರು ಹುಣಸೆಬೀಜದ ಅಂಟನ್ನು ಬಳಸುತ್ತ ಬಂದಿದ್ದಾರೆ. ನೆನೆಸಿದ ಗೋಣಿಯ ಚಿಂದಿಯನ್ನು ಒಣಗಿಸಿ ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿಯೊಡನೆ ಕಲಸಿ ‘ಕಿಟ್ಟ’ವೆಂಬ ಲೇಪನ ಮಾಡುತ್ತಾರೆ, ಬೆಣಚುಕಲ್ಲಿನ ಪುಡಿಯಿಂದ ಒಡವೆಗಳ ಉಬ್ಬುಗೆಲಸ ತೆಗೆಯುತ್ತಾರೆ. ಗೊಂಬೆಗೆ ತಂತಿಯ ಎಳೆತವಿಲ್ಲ. ಆದ್ದರಿಂದ ಆ ಅಂಟನ್ನು ಹಾಗೆಯೇ ವೀಣೆಗೆ ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅಡುಗೆಮನೆಯಲ್ಲಿ ಎಸೆಯುವ ಬೀಜದಿಂದ ತಲೆಮಾರುಗಳ ಕಾಲ ಬಾಳುವ ಕಸುಬು ನಡೆಯಬಲ್ಲುದೆಂಬುದನ್ನು ಮಾತ್ರ ನೆನಪಿಸುತ್ತಿದ್ದೇನೆ.

ಹಾಗೆಂದು ಕೃತಕ ವಸ್ತುಗಳೆಲ್ಲ ನಿರ್ದೋಷವೆಂದು ಭ್ರಮಿಸಬಾರದು. ನೈಲಾನು, ಪ್ಲಾಸ್ಟಿಕ್ಕುಗಳು ಮಣ್ಣಿನಲ್ಲಿ ಕೊಳೆಯುವುದಿಲ್ಲ; ನೀರು ನೆಲಗಳನ್ನು ಕೆಡಿಸಿ ಅಸಂಖ್ಯ ಜೀವಿಗಳಿಗೆ ತೊಡಕಾಗುತ್ತವೆ. ಮರದ ಮಾತು ಬಂದಾಗಲೂ ಹಾಗೆಯೇ. ವನಸ್ಪತಿಯೂ ಏಕೇಂದ್ರಿಯ ಜೀವವೇ. ಗೃಹಸ್ಥನಿಗೆ ಆರಂಭೀ ಹಿಂಸೆಯಿಂದ ಪೂರ್ಣ ಬಿಡುಗಡೆಯಿಲ್ಲ. ಅವನ ಪಾಲಿಗೆ ಉಳಿದಿರುವುದು ಪ್ರಮಾಣ ಮತ್ತು ವಿವೇಕ. ಈ ದೃಷ್ಟಿಯಿಂದ ಲ್ಯೂಟಿನ ರಚನೆ ನಮಗೊಂದು ಪಾಠ ಹೇಳುತ್ತದೆ. ಏಕಾಂಡ ವೀಣೆಗೆ ಒಂದು ದೊಡ್ಡ ಹಲಸಿನ ದಿಮ್ಮಿ ಬೇಕು; ಅದರ ಬಹುಭಾಗ ಕೊರೆದ ಚಕ್ಕೆಯಾಗಿ ಹೋಗುತ್ತದೆ. ಲ್ಯೂಟಿನ ತಯಾರಕನು ಸಣ್ಣ ಹಲಗೆಯೊಂದರಿಂದ ಸೀಳಿದ ತೆಳುವಾದ ಪಟ್ಟಿಗಳಿಂದಲೇ ದೊಡ್ಡ ಬುರುಡೆಯನ್ನು ಕಟ್ಟುತ್ತಾನೆ. ಎಷ್ಟು ಅಲ್ಪದಿಂದ ಎಷ್ಟು ನಾದ ತೆಗೆಯಬಹುದೆಂಬ ಸಾಧನೆಯಲ್ಲಿ ಅಪರಿಗ್ರಹದ ಒಂದು ಛಾಯೆಯಿದೆ. ತಂಬೂರಿಯ ಬುರುಡೆಯಂತೂ ಬಳ್ಳಿಯಲ್ಲಿ ಬಲಿತು ಒಣಗಿದ ಸೋರೆ. ಪಂಢರಪುರದ ಕಡೆ ಬೆಳೆದು ಮೀರಜಕ್ಕೆ ಬರುತ್ತದೆ. ತತ್ವಪದ ಹಾಡುವವರ ಏಕತಾರಿಯಲ್ಲಿ ಸೋರೆ, ಬಿದಿರು, ಒಂದು ಲೋಹದ ತಂತಿ ಇಷ್ಟೇ. ಅತ್ಯಂತ ಬಡವರ ಕೈಯಲ್ಲಿರುವ ಈ ವಾದ್ಯದಲ್ಲಿ ಹಿಂಸೆಯೂ ಅತ್ಯಂತ ಕಡಿಮೆ.

ಮೀರಜದ ಹೆಸರು ಬಂದುದರಿಂದ ಇನ್ನೊಂದು ಮಾತು. ಸುಮಾರು 1850ರಿಂದ ಅಲ್ಲಿ ತಂಬೂರಿ ಸಿತಾರುಗಳನ್ನು ಮಾಡುತ್ತ ಬಂದವರು ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು. ಫರೀದಸಾಹೇಬರು ಅವರಲ್ಲಿ ಮೊದಲಿಗರು. ಆಯುಧಗಳ ಕಾಲ ಮುಗಿದಾಗ ಅವರ ಕೈ ನಾದದ ಕಡೆ ತಿರುಗಿತು. 2024ರಲ್ಲಿ ಮೀರಜದ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಕುಂದಗೋಳದ ಸವಾಯಿ ಗಂಧರ್ವರಿಂದ ಗದುಗಿನ ಭೀಮಸೇನ ಜೋಶಿಯವರವರೆಗೆ ಹರಿದುಬಂದ ಕಿರಾಣಾ ಪರಂಪರೆಯ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದುದೂ ಆ ಊರಿನಲ್ಲಿಯೇ. ಯುರೋಪಿನಲ್ಲಿ ಲ್ಯೂಟಿನ ಪಟ್ಟಿಗಳಿಗೆ ಅಚ್ಚುಮೆಚ್ಚಿನದಾಗಿದ್ದ ಯೂ ಎಂಬ ಮರದಿಂದಲೇ ಇಂಗ್ಲೆಂಡಿನ ಸೈನಿಕರ ನೀಳವಾದ ಬಿಲ್ಲುಗಳನ್ನೂ ಮಾಡುತ್ತಿದ್ದರು. ಒಂದೇ ಮರ ಬಿಲ್ಲೂ ಆಗಬಹುದು, ವೀಣೆಯೂ ಆಗಬಹುದು. ಒಂದೇ ಕೈ ಕತ್ತಿಗೂ ಸಲ್ಲಬಹುದು, ತಂಬೂರಿಗೂ ಸಲ್ಲಬಹುದು. ಯಾವುದಾಗಬೇಕೆಂಬುದು ಮಾಡಿಸುವವರ ಬೇಡಿಕೆಯನ್ನು ಅವಲಂಬಿಸಿದೆ. ಕೊಳ್ಳುವವನ ಹೊಣೆ ದೊಡ್ಡದೆಂದು ನಾನು ಹೇಳುವುದು ಈ ಕಾರಣಕ್ಕಾಗಿ.

ಜೊತೆಗೆ ಒಂದು ಎಚ್ಚರಿಕೆಯೂ ಅವಶ್ಯ. ಹುಲಿಗಿಯ ಹುಲಿಗೆಮ್ಮನ ಜಾತ್ರೆಯಲ್ಲಿ ಜೋಗತಿಯರು ಚೌಡಿಕೆ ನುಡಿಸುತ್ತಾರೆ. ಅದರ ತಳಕ್ಕೆ ಚರ್ಮ, ಅದರ ತಂತಿ ನರದ್ದು. ಆ ತಾಯಂದಿರ ಬದುಕಿಗೆ ಆಸರೆಯಾದ ವಾದ್ಯವನ್ನು ನೋಡಿ ನಾವು ಮೂಗು ಮುರಿದರೆ ಅಹಿಂಸೆಯ ಹೆಸರಿನಲ್ಲಿ ಮಾನಕಷಾಯವನ್ನು ಬೆಳೆಸಿದಂತಾಗುತ್ತದೆ. ವ್ರತವು ನಮ್ಮ ಮೇಲೆ ನಾವು ಹೇರಿಕೊಂಡ ಹೊರೆ. ಇನ್ನೊಬ್ಬರನ್ನು ಅಳೆಯುವ ಗಜಕಡ್ಡಿಯಲ್ಲ. ಇದೇ ಮಾತು ಮನೆಯೊಳಗೂ ಅನ್ವಯಿಸುತ್ತದೆ: ತಂದೆಯ ವ್ರತವು ಮಗಳ ವಿದ್ಯೆಯನ್ನು ಮುರಿಯುವ ಆಯುಧವಾಗಬಾರದು. ಮನನೋಯಿಸುವುದೂ ಭಾವಹಿಂಸೆಯೇ.

ಹಾಗಾದರೆ ಆಚರಣೆ ಹೇಗಿರಬೇಕು? ನನ್ನ ಅಲ್ಪಮತಿಗೆ ತೋಚಿದುದು ಇಷ್ಟು. ಹೊಸದಾಗಿ ಕೊಳ್ಳುವಾಗ ಕರುಳು, ದಂತ, ಕೊಂಬು, ಎಲುಬುಗಳನ್ನು ಸಂಕಲ್ಪಪೂರ್ವಕವಾಗಿ ಬಿಡತಕ್ಕದ್ದು. ಇವುಗಳಿಗೆ ಇಂದು ಬದಲಿಗಳಿವೆ, ಕೆಲವಕ್ಕೆ ಕಾನೂನಿನ ನಿಷೇಧವೂ ಇದೆ. ಮೇಣ, ಅರಗುಗಳ ವಿಷಯದಲ್ಲಿ ಬದಲಿಯನ್ನು ಕೇಳಿ ಮಾಡಿಸತಕ್ಕದ್ದು. ಅದರಿಂದ ಕುಶಲಕರ್ಮಿಗೆ ಆಗುವ ಹೆಚ್ಚಿನ ಶ್ರಮಕ್ಕೆ ಹೆಚ್ಚಿನ ಹಣವನ್ನು ಚೌಕಾಸಿಯಿಲ್ಲದೆ ಕೊಡತಕ್ಕದ್ದು. ನಮ್ಮ ದಯೆಯ ಖರ್ಚನ್ನು ಅವನ ಹೊಟ್ಟೆಯ ಮೇಲೆ ಹಾಕುವುದು ನ್ಯಾಯವಲ್ಲ. ಹಿರಿಯರಿಂದ ಬಂದ, ದಂತದ ಅಲಂಕಾರವಿರುವ ಹಳೆಯ ವೀಣೆಯನ್ನು ಒಡೆದರೆ ಆನೆ ಮರಳಿ ಬಾರದು, ಮಾರಿದರೆ ದಂತಕ್ಕೆ ಮತ್ತೆ ಬೆಲೆ ಬರುತ್ತದೆ. ಅದನ್ನು ನುಡಿಸಲಿ, ಆದರೆ ದಂತವನ್ನು ತೋರಿಸಿ ಹೆಮ್ಮೆಪಡದಿರಲಿ. ಹೆಮ್ಮೆಯೇ ಅನುಮೋದನೆ. ಈ ನೆಲೆಯಲ್ಲಿಯೇ ಆ ತಂದೆ ಮಗಳೂ ಒಂದು ಒಪ್ಪಂದಕ್ಕೆ ಬಂದರು: ಇರುವ ಮೇಳವನ್ನು ಹಾಳುಮಾಡದೆ ಪಾಠ ಮುಂದುವರಿಯಲಿ, ಮೇಣ ಸಡಿಲಿ ಮೆಟ್ಟಿಲುಗಳು ನಿಲ್ಲದಂತಾದಾಗ ಮೇಣವಿಲ್ಲದ ವೀಣೆಗೆ ಹೋಗುವುದು, ಅದರ ಖರ್ಚು ತಂದೆಯದು. ತಂದೆಯವರು ಪೂರ್ಣ ಸಮಾಧಾನಗೊಂಡರೆಂದು ಹೇಳಲಾರೆ. ಆದರೆ ವೀಣೆ ಮನೆಯಲ್ಲಿ ಉಳಿಯಿತು, ಮಾತೂ ಮರಳಿತು.

ಇಷ್ಟು ಸಣ್ಣ ತ್ಯಾಗದಿಂದ ಏನು ಸಾಧ್ಯ ಎನ್ನುವವರಿಗೆ ನಮ್ಮ ಊರಿನ ಬಂಡೆಗಳೇ ಉತ್ತರ ಕೊಡುತ್ತವೆ. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳು, ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಪ್ರಯತ್ನದಿಂದ ಮಹತ್ತಾದುದನ್ನು ಪಡೆಯಬಲ್ಲರೆಂದು ಸಾರುತ್ತವೆ. ಮುಂದೆ ಮಹಾತೀರ್ಥವೆನಿಸಿದ ಕೊಪಣದಲ್ಲಿ ದೇಹವನ್ನೇ ತ್ಯಜಿಸಿದ ಮಹಾತ್ಮರ ನಿಸಿದಿಗಳ ನಡುವೆ ಬಾಳುವ ನಾವು ಒಂದು ತುಂಡು ಕರುಳನ್ನು, ಒಂದು ಉಂಡೆ ಮೇಣವನ್ನು ತ್ಯಜಿಸಲು ಹಿಂದೆಮುಂದೆ ನೋಡಬೇಕಾಗಿಲ್ಲ. ಜೈನಕಥೆಗಳಲ್ಲಿ ಬರುವ ಗಂಧರ್ವದತ್ತೆಯ ಸ್ವಯಂವರದ ಸಂದರ್ಭ ವಾಚಕರಿಗೆ ತಿಳಿದುದೇ. ಅಲ್ಲಿ ನಾಯಕನು ತನ್ನ ಕೈಗಿತ್ತ ವೀಣೆಗಳನ್ನು ಒಡನೆಯೇ ನುಡಿಸುವುದಿಲ್ಲ. ಮರದ ದೋಷ, ತಂತಿಯ ದೋಷಗಳನ್ನು ಪರೀಕ್ಷಿಸಿ, ಸಲ್ಲದವನ್ನು ಹಿಂದಿರುಗಿಸುತ್ತಾನೆ. ಅವನು ಪರೀಕ್ಷಿಸಿದುದು ನಾದದ ಶುದ್ಧಿಗಾಗಿ. ಅದೇ ಪರೀಕ್ಷೆಯನ್ನು ಜೀವದಯೆಗಾಗಿ ಮಾಡುವುದು ಶ್ರಾವಕನ ಪಾಲಿಗೆ ಬಂದ ಕೆಲಸ.

ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಒಂದು ಸಣ್ಣ ನೂಲನ್ನು ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಮಂಕಾಗಿದ್ದ ತಂತಿ ತಟ್ಟನೆ ಝೇಂಕರಿಸುತ್ತದೆ. ವಾದಕರು ಆ ನೂಲಿಗೆ ‘ಜೀವ’ವೆಂದೇ ಕರೆಯುತ್ತಾರೆ. ಕೆಲವರು ರೇಷ್ಮೆಯದನ್ನು ಇಡುವುದುಂಟು. ಆದರೆ ಕುಷ್ಟಗಿ, ಯಲಬುರ್ಗಿಗಳ ಎರೆಹೊಲದಲ್ಲಿ ಬೆಳೆಯುವ ಹತ್ತಿಯ ಒಂದೆಳೆ ನೂಲೂ ಆ ಕೆಲಸಕ್ಕೆ ಸಾಕಾಗುತ್ತದೆ.